ಚಪ್ಪರಕ್ಕೊಂದು ಗೇರ್

ಡಿಸೆಂಬರ್ 3, ಬೆಳಿಗ್ಗೆ

ಪರದೆ ಎಳೆದಾಯ್ತು. ಕ್ರೀಮ್ ಬಳ್ಕೊಂಡಾಯ್ತು. ಉದ್ದ ತೋಳು, ಕಾಲಿಗೆ ಸಾಕ್ಸು. ಮನೆಯೊಳಗೆ ಕೂರೋದಕ್ಕೆ ಇಷ್ಟು ಸಿಂಗಾರ!

ಇವರು ಕನ್ನಡಕದ ಅಂಗಡಿ ಬಾಗಿಲು ತೆಗೆಯೋಕೆ ಹೊರಟ್ರು. ಹೊರಡೋ ಮುಂಚೆ ಪರದೆಯ ಸಂದು ಇನ್ನೊಂದ್ಸಲ ಮುಚ್ಚಿದ್ರು. ದಿನಾ ಇದೇ. ಗಂಡ ಅಲ್ಲ, ಜೈಲಿನ ವಾರ್ಡರ್. ಒಳ್ಳೇ ವಾರ್ಡರ್, ಹಣ್ಣು ಹೆಚ್ಚಿಟ್ಟು ಹೋಗ್ತಾರೆ... ಆದ್ರೂ ವಾರ್ಡರ್.

ಅವರು ತಿರುವು ದಾಟಿದ ಮೇಲೆ ಬೆರಳಲ್ಲಿ ಪರದೆ ಸರಿಸಿ ನೋಡಿದೆ. ಅಂಗಳದಲ್ಲಿ ನನ್ನ ಕಾರು. ನೆತ್ತಿ ಮೇಲೆ ಎಲ್ ಬೋರ್ಡು, ಎರಡು ಸೀಟಿಗೂ ಬ್ರೇಕು. ಟೈರಲ್ಲಿ ಗಾಳಿ ಇಳಿದಿದೆ. ಇಪ್ಪತ್ತು ವರ್ಷ ಇಂಥ ಕಾರುಗಳ ಎಡಗಡೆ ಸೀಟಲ್ಲಿ ಕೂತು ಊರಿಗೆಲ್ಲ ಡ್ರೈವಿಂಗ್ ಕಲಿಸಿದೀನಿ. ಈಗ ಬಿಸಿಲು ತಾಗಿದ್ರೆ ಕೆನ್ನೆ ಕೆಂಪು, ಗಂಟುಗಂಟಿಗೂ ನೋವು, ಜ್ವರ. ಲೂಪಸ್ ಅಂತೆ. ಹೆಸರು ಮುದ್ದಾಗಿದೆ, ನಾಯಿಮರಿಗೆ ಇಡಬಹುದು.

ಅತ್ತೆ ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ರು. ನೋಡಿ ಹೊಟ್ಟೆ ಉರೀತು. ಆ ವಯಸ್ಸಿನ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು! ಹೌದು, ಬರೀತೀನಿ. ಯಾರು ಓದ್ತಾರೆ?

ಡಿಸೆಂಬರ್ 5

ಡಾಕ್ಟರಮ್ಮನ ಹತ್ರ ಹೋಗಿದ್ವಿ. ಆಟೋದಲ್ಲಿ, ಪಕ್ಕಕ್ಕೆ ಬೆಡ್‌ಶೀಟ್ ಕಟ್ಕೊಂಡು. ಇವರಿಗೆ ಸೈಕಲ್ ಬಿಟ್ರೆ ಏನೂ ಓಡಿಸೋಕೆ ಬರಲ್ಲ. ದೀಪದ ಬುಡದಲ್ಲೇ ಕತ್ತಲು. ಮದುವೆಯಾದ ಹೊಸತರಲ್ಲಿ ಒಂದೇ ಒಂದು ದಿನ ಕಲಿಸೋಕೆ ಹೋಗಿದ್ದೆ. ಸಂಸಾರ ಉಳೀಬೇಕಾದ್ರೆ ಇದು ಬೇಡ ಅಂತ ಇಬ್ಬರೂ ರಾಜಿ ಮಾಡ್ಕೊಂಡ್ವಿ.

"ನೆರಳಲ್ಲಾದ್ರೂ ಹೊರಗೆ ಕೂರಬಹುದಾ ಡಾಕ್ಟ್ರೇ?"

"ಒಳ್ಳೇ ನೆರಳಿದ್ರೆ, ಮೈ ತುಂಬ ಮುಚ್ಕೊಂಡು, ಸ್ವಲ್ಪ ಹೊತ್ತು ಕೂರಿ."

ಇವರ ಕಿವಿಗೆ "ಸ್ವಲ್ಪ ಹೊತ್ತು" ಬಿತ್ತು. ನನ್ನ ಕಿವಿಗೆ "ಕೂರಿ".

ದಾರಿಯಲ್ಲೇ ಹೇಳ್ಬಿಟ್ಟೆ. ಅಂಗಳದಲ್ಲಿ ಚಪ್ಪರ ಹಾಕಿಸ್ತೀನಿ ಅಂತ. "ಹಾಕ್ಸೋಣ, ಮೇಲೆ ಶೀಟು, ಮೂರು ಕಡೆ ಗೋಡೆ" ಅಂದ್ರು.

"ಅದಕ್ಕೆ ರೂಮು ಅಂತಾರೆ. ಈಗಾಗ್ಲೇ ಒಂದಿದೆ ನನಗೆ."

ನನಗೆ ಬೇಕಾದ್ದು ಬೇರೆ. ನಾಲ್ಕು ಕಂಬ, ಎರಡು ತೊಲೆ, ಮೇಲೆ ಸಂದು ಬಿಟ್ಟು ಬಿಟ್ಟು ಹಲಗೆ. ಗಾಳಿ ಆಡ್ಬೇಕು. ಕತ್ತೆತ್ತಿದ್ರೆ ಆಕಾಶ ಕಾಣ್ಬೇಕು, ಚೂರುಚೂರಾದ್ರೂ ಸರಿ. ಫೋನಲ್ಲಿ ಚಿತ್ರ ತೋರಿಸಿ "ಇದಕ್ಕೆ ಪರ್ಗೋಲಾ ಅಂತಾರೆ ಅತ್ತೆ" ಅಂದೆ.

"ಯಾರ ಗೋಳು?"

"ನಿಮ್ಮ ಮಗನ ಗೋಳು."

ಅತ್ತೆ ನಕ್ಕಿದ್ದೇ ನಕ್ಕಿದ್ದು. ಇವರು ನಗಲಿಲ್ಲ.

ಡಿಸೆಂಬರ್ 11, ಮಧ್ಯಾಹ್ನ

ಟೋಪಿ, ಕೈಗವಸು, ಮೇಲೆ ಕೊಡೆ. ಕೊಡೆ ಹಿಡಿಯೋಕೆ ಅತ್ತೆ. ಇವರು ಅಂಗಡಿಯಲ್ಲಿ, ಅದೇ ಸಮಯ ನೋಡಿ ಹೊರಬಿದ್ವಿ. ಕಳ್ಳರಿಬ್ಬರು.

ನೆರಳು ಹೇಗೆ ಬೀಳತ್ತೆ ನೋಡೋಕೆ ಹಳೇ ಮಂಚದ ಪಟ್ಟಿಗಳನ್ನ ಎರಡು ಎತ್ತರದ ಸ್ಟೂಲಿನ ಮೇಲೆ ಸಾಲಾಗಿ ಅಂಚಿನ ಮೇಲೆ ನಿಲ್ಲಿಸಿ ಕಟ್ಟಿದೆ. ಪೂರ್ವದಿಂದ ಪಶ್ಚಿಮಕ್ಕೆ. ಪಟ್ಟಿ ಪಟ್ಟಿಗೂ ಮಧ್ಯೆ ಕೈ ತೂರುವಷ್ಟು ಸಂದು.

"ಸೂರಿಗೆ ತೂತಿಟ್ಟು ನೆರಳು ಹುಡುಕೋಳು ಅಂದ್ರೆ ನಿನ್ನೊಬ್ಬಳನ್ನೇ ನೋಡಿದ್ದು" ಅಂದ್ರು ಅತ್ತೆ.

"ಕೆಳಗೆ ನೋಡಿ ಅತ್ತೆ."

ನೋಡಿದ್ರು. ನೆಲದ ಮೇಲೆ ಇಡೀ ನೆರಳು! ಒಂದು ಎಳೆ ಬಿಸಿಲಿಲ್ಲ. ಮೇಲೆ ನೋಡಿದ್ರೆ ಆಕಾಶ ಇದೆ, ಕೆಳಗೆ ಬಿಸಿಲಿಲ್ಲ. ಸೂರ್ಯ ದಕ್ಷಿಣಕ್ಕೆ ವಾಲಿ ಬರ್ತಾನೆ, ನಿಂತ ಹಲಗೆ ಅಡ್ಡ ಬಂದು ತಡೆಯುತ್ತೆ. ಇಷ್ಟೇ ಗುಟ್ಟು.

ಚಾಕ್ ತಗೊಂಡು ನೆರಳಿನ ಸುತ್ತ ಗೆರೆ ಎಳೆದೆ. ಕುರ್ಚಿ ಇಲ್ಲಿ. ಕಂಬ ಇಲ್ಲಿ, ಇಲ್ಲಿ. ರಸ್ತೆ ಮೇಲೆ ಚಾಕಲ್ಲಿ ಗೆರೆ ಎಳೆದು ಪಾರ್ಕಿಂಗ್ ಕಲಿಸ್ತಿದ್ದೆನಲ್ಲ, ಅದೇ ಕೈ. "ಗೆರೆ ನಂಬಿ, ಕಣ್ಣು ನಂಬಬೇಡಿ" ಅಂತ ಎಷ್ಟು ಜನಕ್ಕೆ ಬಾಯಿಪಾಠ ಮಾಡಿಸಿದೀನೋ. ಚಾಕ್ ಅಳಿಸಿಹೋಗತ್ತೆ ಅಂತ ಅತ್ತೆ ಹತ್ರ ಬಿಳಿ ಪೇಂಟೂ ಹೊಡೆಸಿದೆ.

ಸಂಜೆ ಇವರು ನೋಡಿದ್ರು. "ಯಾವಾಗ ಹೋಗಿದ್ದೆ ಹೊರಗೆ?"

"ಹೋಗಿ ಬಂದೂ ಆಯ್ತು, ಸತ್ತಿಲ್ಲ."

ಹೋಗಿ ಪರದೆಯ ಸಂದು ಇನ್ನೊಂದ್ಸಲ ಮುಚ್ಚಿದ್ರು. ಇರ್ಲಿ.

ಜನವರಿ 9

ಬಡಗಿ ಬಂದಿದ್ದ. ನನ್ನ ಹಳೇ ವಿದ್ಯಾರ್ಥಿ. ಲೈಸೆನ್ಸ್ ಪರೀಕ್ಷೇಲಿ ರಿವರ್ಸ್ ಹಾಕೋಕೆ ಬಾರದೆ ಸಲಸಲಕ್ಕೂ ಫೇಲಾಗಿ ನನ್ನ ಕೂದಲು ಉದುರಿಸಿದವನು. ನಾನು ಬರೆದಿಟ್ಟ ನಕ್ಷೆ ತಿರುಗಿಸಿ ತಿರುಗಿಸಿ ನೋಡಿದ.

"ಟೀಚರ್, ಸೂರು ಅಂದ್ರೆ ಮುಚ್ಚಿರ್ಬೇಕು. ಇದು ಏಣಿ ಮಲಗಿಸಿದ ಹಾಗಿದೆ."

"ರಿವರ್ಸ್ ಹಾಕುವಾಗ್ಲೂ ಹೀಗೇ ವಾದ ಮಾಡ್ತಿದ್ದೆ. ಯಾರು ಗೆದ್ರು?"

"ಗೋಡೆ ಗೆಲ್ತು ಟೀಚರ್" ಅಂದು ಟೇಪು ತೆಗೆದ.

ಕೆಲಸಗಾರ ಒಳ್ಳೆಯವನು, ಆದ್ರೆ ಕೈಗಿಂತ ಬಾಯಿ ಮುಂದೆ. ಮರ ಒಣಗಬೇಕು, ಇನ್ನೊಂದು ಕೆಲಸ ಮುಗೀಬೇಕು ಅಂತ ವಾಯಿದೆ ಹೇಳಿದ. ಬೇಸಿಗೆ ಒಳಗೆ ಆಗ್ಬೇಕು ಅಂದೆ. ನೋಡೋಣ ಅಂದ. "ನೋಡೋಣ" ಅಂದ್ರೆ ಆಗಲ್ಲ ಅಂತ ಅರ್ಥ. ಅವನ ಬೆನ್ನು ಬಿಡೋಳಲ್ಲ ನಾನು.

ಫೆಬ್ರವರಿ 2

ಇವರು ಯಾರನ್ನೋ ಕರ್ಕೊಂಡು ಬಂದ್ರು. ಕಾರು ನೋಡೋಕಂತೆ! ನನಗೊಂದು ಮಾತು ಹೇಳದೆ. ಬೀಗದ ಕೈ ಎಲ್ಲಿಟ್ಟಿದಾರೋ ತಿಂಗಳಿಂದ ಹುಡುಕ್ತಿದೀನಿ, ಇವತ್ತು ಅವರ ಜೇಬಿಂದಲೇ ಬಂತು.

ಕಿಟಕಿ ತೆಗೆದೆ. ಬಿಸಿಲು ಬಂದ್ರೆ ಬರ್ಲಿ.

"ಸಾರ್, ಎರಡನೇ ಗೇರ್ ಬೀಳಲ್ಲ. ಬಿದ್ರೆ ಏಳಲ್ಲ. ಮಳೆಗಾಲದಲ್ಲಿ ಒಳಗೇ ಸೋರತ್ತೆ. ಕಲಿಯೋರು ಗುದ್ದಿ ಗುದ್ದಿ ಛಾಸಿ ಸೊಟ್ಟಗಿದೆ. ನೇರ ಬಿಟ್ರೆ ಎಡಕ್ಕೆ ಹೋಗತ್ತೆ. ಇನ್ನೇನು ಬೇಕು ಕೇಳಿ."

ಎಲ್ಲ ಸುಳ್ಳು. ಬೆಣ್ಣೆ ಹಾಗೆ ಓಡತ್ತೆ ನನ್ನ ಕಾರು. ಆ ಮನುಷ್ಯ ಚಪ್ಪಲಿ ಮೆಟ್ಟಿಕೊಂಡು ನಡೆದ. ಅತ್ತೆ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಕೊಂಡು ನಗ್ತಿದ್ರು.

ಇವರು ಮಾತ್ರ ಬಾಗಿಲಲ್ಲೇ ನಿಂತಿದ್ರು. "ಯಾರು ಓಡಿಸ್ತಾರೆ ಅದನ್ನ ಇನ್ನು? ನೋಡಿ ನೋಡಿ ನಿನಗೇ ಸಂಕಟ."

"ನನ್ನ ಸಂಕಟ ನನ್ನದು. ಕಾರು ಮಾರೋದಾದ್ರೆ ಜೊತೇಲಿ ನನ್ನನ್ನೂ ಮಾರಿ."

ಮಾರ್ಚ್ 28, ಸಂಜೆ

ಆಯ್ತು! ನಿಂತಿತು!

ಕಂಬಗಳಿಗೆ ಕಾಂಕ್ರೀಟ್ ಹಾಕಿ, ತೊಲೆ ಏರಿಸಿ, ಹಲಗೆ ಜೋಡಿಸಿ, ಬಡಗಿ ಮಾತಾಡಿದ್ದು ಮಾತಾಡ್ತಾನೇ ಮುಗಿಸಿದ. ನಡುವೆ ಕಂಬ ಅರ್ಧ ಅಡಿ ಪಕ್ಕಕ್ಕೆ ನೆಡೋಣ, ಅಲ್ಲಿ ಕಲ್ಲಿದೆ ಅಂದ. ಗೆರೆ ಎಲ್ಲಿದೆಯೋ ಅಲ್ಲೇ ಅಂದೆ. ಕಲ್ಲು ಒಡೆದ.

ಹೊತ್ತು ಇಳಿದ ಮೇಲೆ ಹೋಗಿ ಕೂತೆ. ಹೊಸ ಮರದ ವಾಸನೆ. ಹಲಗೆಗಳ ನಡುವೆ ಒಂದು ಹಕ್ಕಿ ಹಾದುಹೋಯ್ತು. ಗಾಳಿ ಮುಖಕ್ಕೆ ಬಡೀತು, ಫ್ಯಾನ್ ಗಾಳಿ ಅಲ್ಲ... ಗಾಳಿ. ಅಳು ಬಂತು. ಎಷ್ಟು ದಿನ ಆಗಿತ್ತು ಹೊರಗೆ ಸುಮ್ನೆ ಕೂತು.

ಅತ್ತೆ ಒಂದು ಕಂಬದ ಬುಡದಲ್ಲಿ ಸೋರೆ ಬೀಜ ಹಾಕಿದಾರೆ. ಕೇಳಿದ್ರೆ, "ನೀನು ಕೂರೋಕೆ ಮಾತ್ರ ಇದ್ಯಾ ಕಂಬ?"

ಏಪ್ರಿಲ್ 14

ಹನ್ನೆರಡು ಗಂಟೆಗೆ ಹೋಗಿ ಕೂತೆ. ಬೇಕಂತಲೇ. ಚಪ್ಪರ ಗೆದ್ದಿತು ಅಂತ ತೋರಿಸ್ಬೇಕಿತ್ತು, ಇವರು ರಜೆ ಇದ್ದು ಮನೇಲೇ ಇದ್ರು.

ಕುರ್ಚಿ ಬಿಳಿ ಗೆರೆ ಒಳಗೆ. ನಾನು ಕುರ್ಚಿ ಒಳಗೆ. ತೊಡೆ ಮೇಲೆ ನೋಡ್ತೀನಿ, ಬಿಸಿಲಿನ ಪಟ್ಟೆ! ಒಂದು ಬಿಸಿಲು, ಒಂದು ನೆರಳು. ಜೀಬ್ರಾ ಕ್ರಾಸಿಂಗ್ ನನ್ನ ಮೈ ಮೇಲೆ.

ಕುರ್ಚಿ ಸರಿಸಿದೆ. ಅಲ್ಲೂ ಪಟ್ಟೆ. ಎಲ್ಲಾ ಕಡೆ.

ಇವರು ಕಿಟಕಿಯಿಂದ, "ಒಳಗೆ ಬಾ, ಬಿಸಿಲು ಬೀಳ್ತಿದೆ" ಅಂದ್ರು.

"ಗೆರೆ ಒಳಗೇ ಇದೀನಿ" ಅಂದೆ.

"ಗೆರೆ ಬಿಡು, ಬಾ!"

ಹೋಗಲಿಲ್ಲ. ಎದ್ದುಹೋಗಿದ್ರೆ ಸೋತ ಹಾಗೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅತ್ತೆ ಬಂದು ಕೈ ಹಿಡಿದು ಎಬ್ಬಿಸೋವರೆಗೂ ಕೂತಿದ್ದೆ. ಕೆನ್ನೆ ಚುರುಚುರು ಅಂತಿದೆ ಈಗ.

ಏಪ್ರಿಲ್ 16

ಬೆರಳು ಮಡಚೋಕೆ ಆಗ್ತಿಲ್ಲ. ಜ್ವ

ಮೇ 6

ಮನೆಗೆ ಬಂದು ಎರಡು ದಿನ. ಆಸ್ಪತ್ರೆ ವಿಷಯ ಬರೆಯಲ್ಲ. ಸೂಜಿ, ಗಂಜಿ, ಪಕ್ಕದ ಹಾಸಿಗೆಯವಳ ಗೊರಕೆ. ಸಾಕು.

ಮಲಗಿದಲ್ಲೇ ಲೆಕ್ಕ ಸಿಕ್ತು. ಗೆರೆ ಎಳೆದಿದ್ದು ಚಳಿಗಾಲದಲ್ಲಿ. ಆಗ ಸೂರ್ಯ ವಾಲಿ ಬರ್ತಿದ್ದ, ಹಲಗೆ ತಡೀತಿತ್ತು. ಈಗ ನಡು ನೆತ್ತಿ ಮೇಲೆ ಬಂದು ನೆಟ್ಟಗೆ ಸಂದಿಯಲ್ಲೇ ಇಳೀತಾನೆ. ಸಣ್ಣ ಮಕ್ಕಳಿಗೂ ಗೊತ್ತಿರೋ ವಿಷಯ. ನನಗೂ ಗೊತ್ತಿತ್ತು. ಆದ್ರೆ ಇಪ್ಪತ್ತು ವರ್ಷ ಗೆರೆ ನಂಬಿ ಬದುಕಿದವಳು, ಒಂದ್ಸಲ ಎಳೆದ ಗೆರೆ ಅಲ್ಲಾಡಲ್ಲ ಅಂತಲೇ ತಲೆಯಲ್ಲಿ ಕೂತಿತ್ತು. ಕಾರು ಅಲ್ಲಾಡತ್ತೆ, ಗೆರೆ ಅಲ್ಲಾಡಲ್ಲ. ಸೂರ್ಯನಿಗೆ ಯಾರು ಪಾಠ ಮಾಡಿದ್ರು? ಪೇಂಟು ಬೇರೆ ಹೊಡೆಸಿದ್ದೆ, ಥೂ.

ಅದಿರ್ಲಿ. ಪರದೆ ಸರಿಸಿ ನೋಡಿದ್ರೆ ಅಂಗಳದಲ್ಲಿ ನನ್ನ ಪರ್ಗೋಲಾ ಇಲ್ಲ! ಇದೆ. ಮೇಲೆ ಪೂರ್ತಿ ತಗಡು. ನಾನು ಆಸ್ಪತ್ರೇಲಿದ್ದಾಗ ಇವರು ಹೊದಿಸಿಬಿಟ್ಟಿದಾರೆ. ಕೆಳಗೆ ಕತ್ತಲು. ದನದ ಕೊಟ್ಟಿಗೆ ಥರ.

"ನೆರಳು ತಾನೇ ಬೇಕಿತ್ತು ನಿನಗೆ?" ಅಂತಾರೆ.

ಪರದೆ ಎಳೆದೆ. ಮೈಯಲ್ಲಿ ಶಕ್ತಿ ಬರ್ಲಿ.

ಮೇ 12, ಸಂಜೆ

ಬಂತು ಶಕ್ತಿ.

ಹೊತ್ತು ಮುಳುಗೋ ಸಮಯ, ಏಣಿ ಹಾಕಿದೆ, ಹತ್ತಿದೆ. ಅತ್ತೆ ಕೆಳಗೆ ಏಣಿ ಹಿಡ್ಕೊಂಡು "ಬೀಳ್ತೀಯ, ಬೀಳ್ತೀಯ" ಅಂತ ಜಪ ಮಾಡ್ತಿದ್ರು, ಕೈ ಮಾತ್ರ ಬಿಡಲಿಲ್ಲ. ಸ್ಪ್ಯಾನರ್ ಹಿಡಿಯೋಕೆ ಯಾರೂ ಕಲಿಸ್ಬೇಕಿಲ್ಲ ನನಗೆ. ಒಂದೊಂದೇ ನಟ್ಟು. ಮೊದಲ್ನೇ ತಗಡು ಧಡಾರ್ ಅಂತ ಬಿತ್ತು. ಎದುರುಮನೆಯವರು ಬಾಗಿಲಿಗೆ ಬಂದ್ರು. ಎರಡನೇದು ಬೀಳೋ ಹೊತ್ತಿಗೆ ಇವರು ಗೇಟಲ್ಲಿ.

"ಇಳಿ ಕೆಳಗೆ!"

"ತಗಡು ಇಳಿಸಿ ಇಳೀತೀನಿ."

"ನಿನಗೆ ಏನಾದ್ರೂ ಆಗಿದ್ರೆ?"

"ಆಯ್ತಲ್ಲ. ಆಗಿ, ವಾಪಸ್ಸೂ ಬಂದೆ."

ಆಗ ಅತ್ತುಬಿಟ್ರು. ನಡುಅಂಗಳದಲ್ಲಿ, ಎಲ್ಲರೂ ನೋಡ್ತಿರುವಾಗ. "ಜ್ವರ ಏರಿದ ಆ ದಿನ ನಿನ್ನ ಹೆಗಲಿಗೆ ಹಾಕ್ಕೊಂಡು ರಸ್ತೆಯಲ್ಲಿ ನಿಂತಿದ್ದೆ. ನೀನು ಕಣ್ಣು ಬಿಡ್ತಿರಲಿಲ್ಲ. ಕೈ ಅಡ್ಡ ಹಾಕಿದ್ರೂ ಒಂದು ಗಾಡಿ ನಿಲ್ಲಲಿಲ್ಲ. ತಿರುಗಿ ನೋಡಿದ್ರೆ ನಮ್ಮ ಅಂಗಳದಲ್ಲಿ ನಮ್ಮದೇ ಕಾರು! ಬೀಗದ ಕೈ ನನ್ನ ಜೇಬಲ್ಲಿ! ಏನು ಮಾಡ್ಲಿ ಅದನ್ನ ಇಟ್ಕೊಂಡು? ಈ ಪಟ್ಟೆ ಬಿಸಿಲು ಕಣ್ಣು ಮುಚ್ಚಿದ್ರೆ ಕಾಣತ್ತೆ ನನಗೆ. ಅದಕ್ಕೇ ಮುಚ್ಚಿಸಿದೆ."

ಹೆಗಲಿಗೆ ಹಾಕ್ಕೊಂಡಿದ್ರು ಅಂತ ಯಾರೂ ಹೇಳಿರಲಿಲ್ಲ. ಏಣಿ ಮೇಲಿಂದಲೇ ಅಂದೆ, "ಭಯ ನಿಮಗೆ. ಬಾಗಿಲು ಮುಚ್ಚಿದ್ದು ನನಗೆ. ಇದ್ಯಾವ ನ್ಯಾಯ?"

ಇವರು ಬಂದು ಅತ್ತೆ ಕೈಯಿಂದ ಏಣಿ ತಗೊಂಡು ತಾವೇ ಹಿಡಿದ್ರು. ಮೂರನೇ ತಗಡು ಇಳಿಸಿದೆ.

ಮೇ 19, ಸಂಜೆ 5.45

ತಗಡಿಲ್ಲ. ನೆರಳೂ ಇಲ್ಲ. ಎಡಬಿಡಂಗಿ ಸ್ಥಿತಿ. ಬೆಳಗಿಂದ ತಲೆ ಕೆಟ್ಟಿತ್ತು.

ಸಂಜೆ ಸುಮ್ನೆ ಹೋಗಿ ಕಾರಲ್ಲಿ ಕೂತೆ. ಬೀಗದ ಕೈ ಈಗ ಮೊಳೆಗೆ ನೇತಾಡತ್ತೆ, ಬಚ್ಚಿಡೋದು ಬಿಟ್ಟಿದಾರೆ. ಸ್ಟೀರಿಂಗ್ ಹಿಡಿದೆ. ಪಶ್ಚಿಮದ ಬಿಸಿಲು ಗಾಜಲ್ಲಿ ಕಣ್ಣಿಗೆ ಹೊಡೀತು. ಕೈ ತನ್ನಷ್ಟಕ್ಕೆ ಮೇಲೆ ಹೋಗಿ ಗಾಜಿನ ಮೇಲಂಚಿನ ಮಡಚೋ ಹಲಗೆ, ಸನ್ ವೈಸರ್, ಕೆಳಗೆಳೀತು. ಕಣ್ಣಿಗೆ ನೆರಳು.

ವೈಸರ್ ಮೇಲೆತ್ತಿದೆ. ಬಿಸಿಲು. ಕೆಳಗೆಳೆದೆ. ನೆರಳು.

ಅಯ್ಯೋ ಪೆದ್ದಿ! ಸೂರ್ಯ ಅಲ್ಲಾಡ್ತಾನೆ ಅಂದ್ರೆ ಹಲಗೇನೂ ಅಲ್ಲಾಡ್ಲಿ!

ಅಲ್ಲಿಂದಲೇ ಬಡಗಿಗೆ ಫೋನು. "ಹಲಗೆಗಳ ಎರಡೂ ತುದಿಗೆ ಬೋಲ್ಟು. ತಿರುಗ್ಬೇಕು. ಎಲ್ಲಾ ಹಲಗೆ ಒಟ್ಟಿಗೆ ವಾಲ್ಬೇಕು, ನೆಟ್ಟಗೆ ನಿಲ್ಬೇಕು."

"ಟೀಚರ್, ಚಪ್ಪರ ಅಂದ್ರೆ ಒಂದ್ಸಲ ಹಾಕಿದ್ರೆ ಮುಗೀತು. ಅದಕ್ಕೂ ಗೇರ್ ಇಡ್ತಾರಾ?"

ಗೇರ್! ಅವನ ಬಾಯಿಗೆ ಸಕ್ಕರೆ ಹಾಕ. "ಹೌದು ಕಣೋ, ಗೇರ್ ಇಡು" ಅಂದೆ.

ಜೂನ್ 10

ಮೊದಲು ಮಾಡಿದ್ದು ಅಂಟಿಕೊಂಡಿತು, ತಿರುಗಲಿಲ್ಲ. ಎರಡನೇ ಸಲ ತಿರುಗಿತು, ನಿಲ್ಲಲಿಲ್ಲ, ಗಾಳಿಗೆ ಪಟಪಟ. ಬಡಗಿ ಬೈದ, ನಾನೂ ಬೈದೆ. ಅತ್ತೆ ಇಬ್ಬರಿಗೂ ಬೈದ್ರು.

ಇವತ್ತು ಸರಿಹೋಯ್ತು. ಎಲ್ಲಾ ಹಲಗೆಗೂ ಅಡ್ಡ ಒಂದೇ ಉದ್ದನೇ ಪಟ್ಟಿ, ಪಟ್ಟಿಯಿಂದ ಕಂಬಕ್ಕೆ ಒಂದು ಹಿಡಿ. ಹಿಡಿ ತುದಿಗೆ ನನ್ನ ಮೊದಲ್ನೇ ಕಾರಿನ ಗೇರ್ ಗುಂಡು ಹಾಕಿಸಿದೆ. ಗುಜರಿಗೆ ಹೋಗುವಾಗ ಬಿಚ್ಚಿ ಇಟ್ಕೊಂಡಿದ್ದೆ. ಕುರ್ಚಿಯಲ್ಲಿ ಕೂತ್ರೆ ಎಡಗೈಗೆ ಸಿಗತ್ತೆ.

ಎಳೆದೆ. ಹಲಗೆಗಳೆಲ್ಲ ಒಂದೇ ಸಲ ವಾಲಿದ್ವು. ಪಟ್ಟೆ ತೆಳ್ಳಗಾಯ್ತು, ಇನ್ನೂ ತೆಳ್ಳಗಾಯ್ತು, ಮಾಯ. ಸಂದಿಯಲ್ಲಿ ಆಕಾಶ ಓರೆಯಾಗಿ ಇದೆ ಇನ್ನೂ.

ಸೋರೆ ಬಳ್ಳಿ ಕಂಬ ಹತ್ತಿದೆ. ಮೇಲಕ್ಕೆ ಬಿಡ್ಬೇಡಿ, ಹಲಗೆಗೆ ಸುತ್ತಿಕೊಂಡ್ರೆ ತಿರುಗಲ್ಲ ಅಂದೆ. "ಗೇರ್ ನಿನ್ನದು, ಬಳ್ಳಿ ನನ್ನದು" ಅಂದ್ರು ಅತ್ತೆ. ಈ ಮನೇಲಿ ಹಠ ಸೊಸೆಗೆ ಅಂಟಿದ್ದು ಎಲ್ಲಿಂದ ಅಂತ ಈಗ ಗೊತ್ತಾಯ್ತು.

ಡಾಕ್ಟರಮ್ಮನಿಗೆ ಫೋಟೋ ಕಳಿಸಿದೆ. ಬೆಳಿಗ್ಗೆ, ಸಂಜೆ ಕೂರಿ, ಆದ್ರೆ ಮೈ ಮುಚ್ಚಿರ್ಬೇಕು, ನಡುಮಧ್ಯಾಹ್ನ ಕೂಡದು ಅಂದ್ರು. ಒಪ್ಪಿದೆ. ಎಲ್ಲಾ ಸಿಗ್ನಲ್ಲೂ ಹಾರಿಸೋಳಲ್ಲ ನಾನು.

ಜೂನ್ 23

ದಿನಾ ಸಂಜೆ ಕ್ಲಾಸು. ಗೇಟಿಗೆ ಬೋರ್ಡು ಹಾಕಿದೀನಿ. ಇಬ್ಬರು ಬಂದ್ರು, ಆಮೇಲೆ ನಾಲ್ವರು. ನಾನು ಚಪ್ಪರದ ಕೆಳಗೆ, ಅವರು ಅಂಗಳದಲ್ಲಿ ಮುಂದೆ-ಹಿಂದೆ. ರಸ್ತೆಗೆ ಹೋಗೋದು ಬೇರೆ ಮೇಷ್ಟ್ರ ಜೊತೆ, ಕ್ಲಚ್ಚು, ರಿವರ್ಸು, ಕನ್ನಡಿ ನೋಡೋದು ನನ್ನ ಹತ್ರ. ಬೈಗುಳ ಉಚಿತ. ಗಂಟಲು ಕಟ್ಟಿದೆ. ಎಷ್ಟು ಹಿತವಾಗಿದೆ ಗಂಟಲು ನೋವು!

ಇವತ್ತು ಎಲ್ಲ ಹೋದ ಮೇಲೆ ಇವರು ಬಂದು ಕಂಬಕ್ಕೆ ಒರಗಿ ನಿಂತ್ರು. ಗೇರ್ ಗುಂಡನ್ನ ಕರ್ಚೀಫಲ್ಲಿ ಒರೆಸಿದ್ರು, ಕನ್ನಡಕದ ಗಾಜು ಒರೆಸೋ ಹಾಗೆ.

"ನನಗೂ ಕಲಿಸ್ತೀಯಾ?"

ಬಿದ್ದೂ ಬಿದ್ದೂ ನಗ್ಬೇಕಿತ್ತು. ನಗು ಬರಲಿಲ್ಲ.

"ಸಂಸಾರ?" ಅಂದೆ.

"ಅದು ಹೇಗೂ ಗಟ್ಟಿ ಇದೆ ಅಂತ ಗೊತ್ತಾಯ್ತಲ್ಲ."

ಜುಲೈ 2

ಕ್ಲಚ್ ಯಾವುದು ಅಂತ ನೋಡೋಕೆ ಬಗ್ಗಿ ಸ್ಟೀರಿಂಗಿಗೆ ಹಣೆ ಗುದ್ದಿಕೊಂಡ್ರು. ದೇವರೇ.

ಜುಲೈ 9

ಮುಂದಕ್ಕೆ ಹೋಗತ್ತೆ. ಹಿಂದಕ್ಕೆ ಅಂದ್ರೆ ಕಾರೇ ಆಫ್ ಮಾಡ್ತಾರೆ. ಹಿಂದೆ ಖಾಲಿ ಅಂಗಳ ಇದ್ರೂ ಹೆದರ್ತಾರೆ. ಇವರ ಭಯಕ್ಕೆ ಕಾರಣ ಬೇಡ, ಜಾಗ ಸಾಕು.

ಇವತ್ತು ಕೂಗಾಡಿದೆ. ಕಾರಿಳಿದು ಒಳಗೆ ಹೋದ್ರು. ಕಾಫಿ ಮಾಡ್ಕೊಂಡು ಬಂದ್ರು, ಇಬ್ಬರಿಗೂ. ಮತ್ತೆ ಹತ್ತಿದ್ರು.

ಜುಲೈ 19, ಸಂಜೆ 5

ಇವತ್ತು ತೀರ್ಮಾನ. ಕಾರು ಗೇಟಿನ ಹತ್ರ. ಅಲ್ಲಿಂದ ರಿವರ್ಸಲ್ಲಿ ಚಪ್ಪರದವರೆಗೆ ಬಂದು, ಎರಡು ಕಂಬಕ್ಕೂ ನೇರವಾಗಿ ನಿಲ್ಲಿಸ್ಬೇಕು. ನಾನು ಚಪ್ಪರದಲ್ಲೇ, ಬಿಳಿ ಗೆರೆ ಒಳಗೆ ಕೂರ್ತೀನಿ ಅಂದೆ.

"ಬೇಡ, ನೀನು ಒಳಗೆ ಹೋಗು. ಹಿಂದೆ ನೀನಿದ್ರೆ ನನ್ನ ಕೈಲಾಗಲ್ಲ."

"ಇದ್ರೇನೇ ಆಗೋದು. ಎಷ್ಟು ದಿನ ನನ್ನ ಒಳಗೆ ಕಳಿಸಿ ಬದುಕ್ತೀರಿ?"

ಬೀಗದ ಕೈ ತಗೊಂಡು, "ಸರಿ. ಆದ್ರೆ ನನ್ನ ನೋಡ್ಬೇಡ. ನೀನು ನೋಡ್ತಿದ್ರೆ ಕಾಲು ಮಾತು ಕೇಳಲ್ಲ. ಆ ಪುಸ್ತಕದಲ್ಲಿ ಏನಾದ್ರೂ ಬರ್ಕೊಂಡು ಕೂತಿರು" ಅಂದ್ರು.

ಅದಕ್ಕೇ ಬರೀತಿದೀನಿ. ಕಣ್ಣೆತ್ತಲ್ಲ. ಕಿವಿ ಸಾಕು ನನಗೆ.

ಗೇರ್ ಎಳೆದು ಹಲಗೆ ಪೂರ್ತಿ ವಾಲಿಸಿದೀನಿ. ಪುಟದ ಮೇಲೆ ತಂಪು ನೆರಳು. ಅತ್ತೆ ಕಟ್ಟೆ ಮೇಲೆ, ಮಡಿಲಲ್ಲಿ ಮೊದಲ್ನೇ ಸೋರೆಕಾಯಿ. ಸ್ಟಾರ್ಟ್ ಆಯ್ತು. ಆಫ್ ಆಯ್ತು. ಸ್ಟಾರ್ಟ್. ರಿವರ್ಸ್ ಬಿತ್ತು, ಕರಕರ ಅಂತ, ಪಾಪ ಗೇರ್ ಬಾಕ್ಸು.

ಬರ್ತಿದಾರೆ. ಹಾಫ್ ಕ್ಲಚ್... ಚೆನ್ನಾಗಿದೆ. ಅಬ್ಬಾ, ಇದು ಯಾವಾಗ ಕಲಿತ್ರು? ನಿಲ್ಲಿಸಿದ್ರು. ಉಸಿರು ತಗೊಂಡ್ರು ಅಂತ ಕಾಣತ್ತೆ. ಮತ್ತೆ.

ಹತ್ತಿರ. ಅತ್ತೆ ಎದ್ದು ನಿಂತ್ರು. ನಾನು ಏಳಲ್ಲ. ಬಿಸಿಲಿಗೇ ಎದ್ದುಹೋಗದವಳು ಗಂಡನಿಗೆ ಏಳ್ತೀನಾ? ಟೈರಿನ ಕೆಳಗೆ ಜಲ್ಲಿ ಸದ್ದು. ಹೊಗೆ ವಾಸನೆ. ನೆಲದಲ್ಲಿ ಕಾರಿನ ನೆರಳು ಬಿಳಿ ಗೆರೆ ಮುಟ್ಟಿತು. ಇನ್ನೊಂಚೂರು. ಇನ್ನೊಂಚೂರು ಬನ್ನಿ, ಹಿಂದೆ ನಾನಿದೀನಿ. ಸಾಕು. ಈಗ ಬ್ರೇಕ್. ನಿಂತಿತು! ಎರಡು ಕಂಬಕ್ಕೂ ನೇರ.